ಮಾರ್ಚ್ ಒಂಬತ್ತರ ಸಹಿ

ನೈರೋಬಿಯ ಕನ್ನಡಿಗರಲ್ಲಿ ಯಾರ ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂದರೂ ಮೊದಲ ಫೋನು ಹೋಗುತ್ತಿದ್ದುದು ಕೃಷ್ಣಪ್ರಸಾದರಿಗೆ. ಪ್ಲಂಬರಿಗೆ ಆಮೇಲೆ. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಅವರು ಗುಣಮಟ್ಟ ವಿಭಾಗದ ಮುಖ್ಯಸ್ಥರು. ಇಂಜೆಕ್ಷನ್ನಿಗೆ ಬಳಸುವ ನೀರನ್ನು ಹದಿನೇಳು ವರ್ಷದಿಂದ ಪರೀಕ್ಷೆ ಮಾಡಿಸಿ ಸಹಿ ಹಾಕುತ್ತಾ ಬಂದವರು. ಆ ಸಹಿಯ ಬಗ್ಗೆ ಅವರಿಗೆ ಸ್ವಲ್ಪ ಜಂಭವಿತ್ತು. ಇರಲಿ, ಜಂಭಪಡುವಂಥ ಕೆಲಸವೇ ಅದು. ಆದರೆ ಅದನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರದೆ ಮನೆಗೂ ಹೊತ್ತು ತರುತ್ತಿದ್ದರಲ್ಲ, ತಾಪತ್ರಯ ಶುರುವಾದದ್ದು ಅಲ್ಲಿಂದ.

ಹರ್ಲಿಂಗ್‌ಹ್ಯಾಮ್‌ನ ಅವರ ಫ್ಲಾಟಿನಲ್ಲಿ ಅಡುಗೆಕಟ್ಟೆಯ ಮೂಲೆಗೆ ಒಂದು ಪುಟ್ಟ ಯಂತ್ರವಿತ್ತು. ಹಿಂದೆ ನೀರಿನ ಜಾಡಿ, ಮುಂದೆ ಮೂರು ಗುಂಡಿ. ಒಂದನ್ನು ಒತ್ತಿದರೆ ಕಾಫಿ, ಇನ್ನೊಂದಕ್ಕೆ ಬಿಸಿನೀರು, ಮತ್ತೊಂದಕ್ಕೆ ಕೊರೆಯುವ ತಣ್ಣೀರು. ಜಾಡಿಯ ತಳದಲ್ಲಿ ಮುಷ್ಟಿಗಾತ್ರದ ಫಿಲ್ಟರ್ ಕಾರ್ಟ್ರಿಜ್ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಕೆಂಪು ದೀಪ ಹೊತ್ತಿಕೊಂಡಾಗ ಅದನ್ನು ತೆಗೆದು ಹೊಸದು ಹಾಕಬೇಕು. ಹಾಕಿದ ಮೇಲೆ ಪಕ್ಕದ ಬಟನ್ನನ್ನು ಐದು ಸೆಕೆಂಡು ಒತ್ತಿ ಹಿಡಿದರೆ ದೀಪ ನೀಲಿಯಾಗುತ್ತದೆ. ಬೇರೆಯವರಾದರೆ ಅಷ್ಟಕ್ಕೇ ಬಿಡುತ್ತಿದ್ದರು. ಕೃಷ್ಣಪ್ರಸಾದರು ಕಾರ್ಖಾನೆಯಲ್ಲಿ ಮಾಡಿದಂತೆಯೇ ಯಂತ್ರದ ಕೆನ್ನೆಗೆ ಒಂದು ಚೀಟಿ ಅಂಟಿಸುತ್ತಿದ್ದರು: ಬದಲಿಸಿದ ದಿನ, ಮುಂದೆ ಬದಲಿಸಬೇಕಾದ ದಿನ, ಸಹಿ. ಅವರ ಹೆಂಡತಿ ಗಿರಿಜಾ ಶಾಲೆಯೊಂದರಲ್ಲಿ ಗಣಿತದ ಟೀಚರು. "ಹಾಗೇ ನನ್ನ ಬೆನ್ನಿಗೂ ಒಂದು ಅಂಟಿಸಿಬಿಡಿ, ಎಕ್ಸ್‌ಪೈರಿ ಡೇಟ್ ಯಾವಾಗ ಅಂತ ಗೊತ್ತಾಗ್ಲಿ" ಎಂದು ಅವಳು ನಗುತ್ತಿದ್ದಳು.

ಜಾಡಿಗೆ ಕುದಿಸಿ ಆರಿಸಿದ ನೀರನ್ನೇ ಹಾಕಬೇಕು ಎನ್ನುವುದು ಇನ್ನೊಂದು ನಿಯಮ. ಆ ಕೆಲಸ ನಫೂಲಾಳದು. ಪಶ್ಚಿಮ ಕೆನ್ಯಾದ ಕಾಕಮೆಗಾ ಕಡೆಯಿಂದ ಬಂದ ಅವಳು ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಕೆಲಸಕ್ಕಿದ್ದಳು. ವಯಸ್ಸು ನಲವತ್ತು ದಾಟಿತ್ತು. ಸಾಸಿವೆ ಸಿಡಿಯುವ ಸದ್ದು ಕೇಳಿಯೇ ಒಗ್ಗರಣೆ ಆಯಿತೋ ಇಲ್ಲವೋ ಎಂದು ಪಕ್ಕದ ಕೋಣೆಯಿಂದ ಹೇಳುವಷ್ಟು ಅವಳು ಆ ಅಡುಗೆಮನೆಯವಳಾಗಿದ್ದಳು.

ಆ ವರ್ಷ ರಾಮನವಮಿ ಭಾನುವಾರವೇ ಬಂತು. ಕನ್ನಡದ ಮನೆಗಳು ಸರದಿಯ ಮೇಲೆ ಮಾಡುವ ಪೂಜೆ ಆ ಸಲ ಕೃಷ್ಣಪ್ರಸಾದರ ಪಾಲಿಗೆ. ಮೂವತ್ತು ಜನ ಬಂದರು. ಕೋಸಂಬರಿ, ನೀರುಮಜ್ಜಿಗೆ, ಪಾನಕ. ಪಾನಕಕ್ಕೆ ಯಂತ್ರದಿಂದಲೇ ತಣ್ಣೀರು ಹಿಡಿದರು. "ಇಷ್ಟು ತಂಪಾಗಿದೆಯಲ್ಲ ಸರ್!" ಎಂದವರಿಗೆಲ್ಲ ಅವರು ಯಂತ್ರವನ್ನೂ ಚೀಟಿಯನ್ನೂ ತೋರಿಸಿ, ನೀರಿನ ಶುದ್ಧಿಯ ಬಗ್ಗೆ ಸಣ್ಣ ಉಪನ್ಯಾಸವನ್ನೇ ಕೊಟ್ಟರು. ದೇವರ ಪ್ರಸಾದ ಬೇರೆ, ಯಾರು ಬೇಡವೆನ್ನುತ್ತಾರೆ? ಕೆಲವರು ಎರಡೆರಡು ಲೋಟ ಕುಡಿದರು.

ಸೋಮವಾರ ಸಂಜೆಯ ಹೊತ್ತಿಗೆ ಹದಿನಾಲ್ಕು ಜನರ ಹೊಟ್ಟೆ ಕೆಟ್ಟಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ವಿಶ್ವನಾಥರ ತಾಯಿ, ಎಂಬತ್ತೊಂದರ ಮುದುಕಿ, ಆಸ್ಪತ್ರೆ ಸೇರಿ ಎರಡು ದಿನ ಡ್ರಿಪ್ ಹಾಕಿಸಿಕೊಂಡರು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ಹಂಸಾ ಫೋನು ಮಾಡಿದರು.

"ಪ್ರಸಾದ್, ಬೇಜಾರು ಮಾಡ್ಕೋಬೇಡಿ. ಎಲ್ಲರೂ ಕಾಮನ್ ಆಗಿ ತಗೊಂಡಿರೋದು ಪಾನಕ ಒಂದೇ. ನೀರು ಒಂದ್ಸಲ ಚೆಕ್ ಮಾಡಿ."

ಕೃಷ್ಣಪ್ರಸಾದರು ಚೆಕ್ ಮಾಡಿದರು. ಹೇಗೆ ಮಾಡಿದರೆಂದರೆ, ಯಂತ್ರದ ಮುಂದೆ ನಿಂತು ದೀಪ ನೋಡಿದರು. ನೀಲಿ. ಚೀಟಿ ನೋಡಿದರು. ಬದಲಿಸಿದ ದಿನ ಮಾರ್ಚ್ ಒಂಬತ್ತು, ಮುಂದಿನದು ಮೇ ಒಂಬತ್ತು, ಕೆಳಗೆ ತಮ್ಮದೇ ದುಂಡನೆಯ ಸಹಿ. ದಾಖಲೆ ಸರಿಯಿದೆ ಎಂದ ಮೇಲೆ ಯಂತ್ರ ಸರಿಯಿದೆ. ಯಂತ್ರ ಸರಿಯಿದೆ ಎಂದ ಮೇಲೆ ಉಳಿದದ್ದು ಮನುಷ್ಯರು. ಆ ವಾರ ಕಟ್ಟಡಕ್ಕೆ ಟ್ಯಾಂಕರ್ ನೀರು ಬಂದಿತ್ತು. ಲೆಕ್ಕ ತಾನಾಗಿಯೇ ಕೂತಿತು.

"ಕುದಿಸಿದೆ ಬಾಸ್. ಬೆಳಗ್ಗೆ ಆರಕ್ಕೇ ಒಲೆ ಹಚ್ಚಿದೆ. ನಾಲ್ಕು ಪಾತ್ರೆ ಕುದಿಸಿ ಆರಿಸಿದೆ" ಎಂದಳು ನಫೂಲಾ ತನ್ನ ಸ್ವಾಹಿಲಿಯಲ್ಲಿ.

"ಅಷ್ಟೊಂದು ಕೆಲಸದ ನಡುವೆ ಒಂದು ಪಾತ್ರೆ ಬಿಟ್ಟಿರಬಹುದು. ಒಪ್ಪಿಕೋ."

"ಬಿಟ್ಟಿಲ್ಲ."

ಒಪ್ಪಿಕೊಂಡಿದ್ದರೆ ಬಿಡುತ್ತಿದ್ದರೋ ಏನೋ. ಒಪ್ಪದೆ ಇದ್ದದ್ದೇ ಅವರ ಸಿಟ್ಟಿಗೆ ತುಪ್ಪ ಸುರಿಯಿತು. ಗಿರಿಜಾ ಅಡ್ಡ ಬಂದಳು. "ಒಂಬತ್ತು ವರ್ಷದಿಂದ ನೋಡಿದೀನಿ ರೀ, ಅವಳು ಸುಳ್ಳು ಹೇಳೋಳಲ್ಲ." "ಹಾಗಾದ್ರೆ ನನ್ನ ಫಿಲ್ಟರ್ ಸುಳ್ಳು ಹೇಳ್ತಾ?" ಎಂದು ಅವರು ಹೆಂಡತಿಯ ಬಾಯಿ ಮುಚ್ಚಿಸಿದರು. ಅದೇ ದಿನ ನಫೂಲಾ ತನ್ನ ಚೀಲ ತೆಗೆದುಕೊಂಡು ಹೋದಳು. ಅದೇ ದಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವರ ವರದಿ ಬಂತು: "ಆತ್ಮೀಯರೇ, ತೊಂದರೆಯ ಕಾರಣ ಪತ್ತೆಯಾಗಿದೆ. ನಮ್ಮ ಮೇಯ್ಡ್ ಟ್ಯಾಂಕರ್ ನೀರನ್ನು ಕುದಿಸದೆ ತುಂಬಿಸಿದ್ದಾಳೆ. ಯಂತ್ರ, ಫಿಲ್ಟರ್ ಸುಸ್ಥಿತಿಯಲ್ಲಿವೆ. ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಕ್ಷಮೆಯಿರಲಿ." ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು.

ಅಲ್ಲಿಂದ ಮುಂದೆ ಗಿರಿಜಾ ಆ ಯಂತ್ರದಿಂದ ತಣ್ಣೀರು ಹಿಡಿಯಲಿಲ್ಲ. ಮೊದಲಿಂದಲೂ ಇಬ್ಬರಿಗೂ ತಣ್ಣೀರಿನ ಅಭ್ಯಾಸವಿರಲಿಲ್ಲ. ಕಾಫಿ, ಬಿಸಿನೀರು, ಅಷ್ಟೇ; ಎರಡೂ ಯಂತ್ರದೊಳಗೆ ಕಾದೇ ಬರುವಂಥವು. ಹಾಗಾಗಿ ಮತ್ತೆ ಯಾರ ಹೊಟ್ಟೆಯೂ ಕೆಡಲಿಲ್ಲ. ಕೃಷ್ಣಪ್ರಸಾದರು ಅದನ್ನೂ ತಮ್ಮ ತೀರ್ಮಾನಕ್ಕೆ ಸಾಕ್ಷಿ ಎಂದುಕೊಂಡರು.

ಮೇ ಒಂಬತ್ತು, ಶುಕ್ರವಾರ. ಸಂಜೆ ಕಾರ್ಖಾನೆಯಿಂದ ಬಂದು ನೋಡುತ್ತಾರೆ, ಚೀಟಿ ಹೇಳಿದ ದಿನಕ್ಕೇ ಕೆಂಪು ದೀಪ ಹೊತ್ತಿದೆ. ಖುಷಿಯಾಯಿತು. ಕೈ ತೊಳೆದು, ತೋಳು ಮಡಿಸಿ ಡ್ರಾಯರ್ ಎಳೆದರು. ಫೆಬ್ರವರಿ ಕೊನೆಯಲ್ಲಿ ಕೊಂಡಿದ್ದು ಎರಡರ ಪ್ಯಾಕು. ಒಂದು ಮಾರ್ಚ್‌ನಲ್ಲಿ ಖರ್ಚಾಗಿದೆ, ಇನ್ನೊಂದು ಇರಬೇಕು.

ಎರಡೂ ಇದ್ದವು. ಪ್ಯಾಕಿನ ಸೀಲು ಕೂಡ ಒಡೆದಿರಲಿಲ್ಲ.

ಬೇರೆ ಪ್ಯಾಕು ತಂದಿದ್ದೆನೇನೋ ಎಂದು ಒಂದು ಕ್ಷಣ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆಮೇಲೆ ಜಾಡಿ ಎತ್ತಿ ಕಾರ್ಟ್ರಿಜ್ ಹೊರಗೆಳೆದರು. ಬಿಳಿ ಇರಬೇಕಾದ ಜಾಲರಿ ಕಂದಾಗಿತ್ತು. ಬೆರಳಿಗೆ ಲೋಳೆ ಹತ್ತಿತು. ಹೂದಾನಿಯಲ್ಲಿ ವಾರಗಟ್ಟಲೆ ಬಿಟ್ಟ ನೀರಿನ ವಾಸನೆ. ಅದು ಡಿಸೆಂಬರಿನಲ್ಲಿ ಹಾಕಿದ ಕಾರ್ಟ್ರಿಜ್. ಜನವರಿಯಿಡೀ ಅವರಿಬ್ಬರೂ ಮೈಸೂರಿನಲ್ಲಿದ್ದಾಗ ಒದ್ದೆಯಾಗಿ ಕೂತು ಕೊಳೆತಿತ್ತು. ಎಷ್ಟೇ ಕುದಿಸಿದ ನೀರನ್ನು ಇದರ ಮೇಲೆ ಸುರಿದರೂ ಕೆಳಗೆ ಬರುವುದು ವಿಷವೇ ಎಂದು ನೈರೋಬಿಯಲ್ಲಿ ಬೇರೆ ಯಾರಿಗೆ ಗೊತ್ತಿರದಿದ್ದರೂ ಅವರಿಗೆ ಗೊತ್ತಿತ್ತು.

ಈಗ ಎಲ್ಲ ನೆನಪಾಯಿತು. ಮಾರ್ಚ್ ಒಂಬತ್ತರ ಬೆಳಗ್ಗೆ ಪೆನ್ನು ಕೈಯಲ್ಲಿತ್ತು ಎಂದು ಮೊದಲು ಚೀಟಿ ಬರೆದು ಸಹಿ ಹಾಕಿದ್ದರು. ಅಂಟಿಸಿದ್ದರು. ದೀಪದ ಬಟನ್ನನ್ನೂ ಒತ್ತಿ ಹಿಡಿದಿದ್ದರು. ಯಂತ್ರಕ್ಕೇನು, ಒತ್ತಿದವರನ್ನು ನಂಬಿ ನೀಲಿಯಾಗಿತ್ತು. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು, ನಾಳೆ ಆಡಿಟ್ ಎಂದು. ಸಂಜೆ ಹಾಕಿದರಾಯಿತು ಎಂದು ಪ್ಯಾಕನ್ನು ಡ್ರಾಯರಿಗೆ ತಳ್ಳಿ ಓಡಿದ್ದರು. ಕೆಲಸಕ್ಕೆ ಮುಂಚೆ ಸಹಿ! ಕಳೆದ ವರ್ಷ ಇದೇ ತಪ್ಪಿಗೆ ಇಬ್ಬರು ಆಪರೇಟರುಗಳಿಗೆ ಮೆಮೊ ಕೊಟ್ಟು, ಎಲ್ಲರ ಎದುರು ನಿಲ್ಲಿಸಿ ಬೈದಿದ್ದರು. ಒಬ್ಬನ ಕಣ್ಣಲ್ಲಿ ನೀರು ಬಂದಿತ್ತು.

ನಾಚಿಕೆ ಅವರ ಕಿವಿಯವರೆಗೂ ಸುಡುತ್ತಾ ಏರಿತು. ಆದರೆ ನಾಚಿಕೆಯಾದ ಮನುಷ್ಯ ಮೊದಲು ಮಾಡುವ ಕೆಲಸವೇನು? ಅವರೂ ಅದನ್ನೇ ಮಾಡಿದರು. ಕಾರ್ಟ್ರಿಜ್ಜನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಎಂದೂ ಕಸ ಮುಟ್ಟದವರು ತಾವೇ ಕೆಳಗಿಳಿದು ಕಟ್ಟಡದ ದೊಡ್ಡ ತೊಟ್ಟಿಯ ತಳಕ್ಕೆ ತುರುಕಿ ಬಂದರು. ಹೊಸದನ್ನು ನೆನೆಸಿಟ್ಟು, ಹಾಕಿ, ಎರಡು ಜಾಡಿ ನೀರು ಹರಿಯಬಿಟ್ಟರು. ಚೀಟಿ ಬರೆಯಲು ಮಾತ್ರ ಕೈ ಏಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಿರಿಜಾಳ ಮುಖ ನೋಡದೆ ಹೇಳಿದರು. "ನಫೂಲಾನ ವಾಪಸ್ ಕರಿ. ಏನೋ ಒಂದ್ಸಲ ತಪ್ಪು ಮಾಡಿದ್ಲು. ಕ್ಷಮಿಸಿಬಿಡೋಣ."

ಗಿರಿಜಾ ತಟ್ಟೆಯಿಂದ ಕೈ ತೆಗೆದಳು. ಅವಳ ಕಣ್ಣು ತುಂಬಿತ್ತು. "ನಿಮ್ಮ ಮನಸ್ಸು ದೊಡ್ಡದು ರೀ. ನಾನೇ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ."

ಆ ಮಾತನ್ನು ಕೇಳಿಯೂ ಅವರು ಸಾರು ಬಡಿಸಿಕೊಂಡರು. ಮಾರ್ಚ್‌ನದು ಮರೆವು ಎನ್ನಬಹುದು. ಇದಕ್ಕೆ ಏನೆನ್ನುವುದು?

ಭಾನುವಾರ ಚರ್ಚು ಮುಗಿಸಿ ನಫೂಲಾ ಬಂದಳು. ಇಸ್ತ್ರಿ ಮಾಡಿದ ಹಸಿರು ಗೌನು ತೊಟ್ಟಿದ್ದಳು. ಕೂರು ಎಂದರೂ ಕೂರಲಿಲ್ಲ. ಈ ಒಂದು ತಿಂಗಳಲ್ಲಿ ಗುರುತಿನ ಎರಡು ಕನ್ನಡದ ಮನೆಗಳಿಗೆ ಕೆಲಸ ಕೇಳಿಕೊಂಡು ಹೋಗಿದ್ದಳಂತೆ. ಎರಡೂ ಕಡೆ ಗೇಟಿನಿಂದಲೇ ವಾಪಸು ಕಳಿಸಿದ್ದರಂತೆ. ಗಿರಿಜಾ ಚಹಾ ತಂದುಕೊಟ್ಟಳು.

"ಆದದ್ದು ಆಯಿತು" ಎಂದರು ಕೃಷ್ಣಪ್ರಸಾದರು ಸ್ವಾಹಿಲಿಯಲ್ಲಿ. "ನಾವೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನಾಳೆಯಿಂದ ಬಾ."

"ಬಾಸ್, ನಾನು ನೀರು ಕುದಿಸಿದ್ದೆ ಅಂತ ನಂಬುತ್ತೀರಾ?"

"ಈಗ ಅದನ್ನೆಲ್ಲ ಯಾಕೆ ಎತ್ತುತ್ತೀಯ? ಬಿಡು."

"ನೀವು ಕ್ಷಮಿಸಿದ್ದೀರಿ ಅಂತ ಮೇಡಂ ಫೋನಿನಲ್ಲಿ ಹೇಳಿದರು" ಎಂದಳು ನಫೂಲಾ. ದನಿ ಏರಲಿಲ್ಲ. "ನೀವು ಕ್ಷಮಿಸಿದರೆ ನಾನು ಮಾಡಿದ್ದೇನೆ ಅಂತ ಆಗುತ್ತದೆ. ನಾನು ಮಾಡಿಲ್ಲ. ನನಗೆ ಕೆಲಸ ಬೇಕು ಬಾಸ್, ಮಗಳು ಇನ್ನೂ ಓದುತ್ತಿದ್ದಾಳೆ. ಆದರೆ ಈ ಕ್ಷಮೆ ತಗೊಂಡು ಕೆಲಸಕ್ಕೆ ಬರುವುದಿಲ್ಲ."

ಕುಡಿಯದ ಚಹಾವನ್ನು ಮೇಜಿನ ಮೇಲಿಟ್ಟು ಅವಳು ಚೀಲ ಎತ್ತಿಕೊಂಡಳು. ಬಾಗಿಲಿಗೆ ನಾಲ್ಕು ಹೆಜ್ಜೆ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು, ಕರೆದೆವು, ಬರಲಿಲ್ಲ, ಎಷ್ಟು ಸೊಕ್ಕು ನೋಡಿ ಎಂದು ಊರಿಗೆಲ್ಲ ಹೇಳಬಹುದಿತ್ತು. ಆ ಯೋಚನೆ ಬಂತು ಎನ್ನುವುದೇ ಅವರಿಗೆ ಅಸಹ್ಯವಾಯಿತು.

"ನಿಲ್ಲು" ಎಂದರು. "ನೀನು ಕುದಿಸಿದ್ದೆ. ತಪ್ಪು ನನ್ನದು."

ಕಾರ್ಟ್ರಿಜ್ಜಿಗೆ ಸ್ವಾಹಿಲಿಯಲ್ಲಿ ಏನೆನ್ನುತ್ತಾರೋ ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋಗಿ, ಜಾಡಿ ಎತ್ತಿ, ಬೆರಳು ಮಾಡಿ ತೋರಿಸಿ ಹೇಳಿದರು. ಮಾರ್ಚ್‌ನಲ್ಲಿ ಬದಲಿಸಲಿಲ್ಲ, ಬದಲಿಸಿದೆ ಎಂದು ಸಹಿ ಹಾಕಿದೆ, ಒಳಗಿದ್ದದ್ದು ಕೊಳೆತಿತ್ತು, ತೆಗೆದುಕೊಂಡು ಹೋಗಿ ಕಸಕ್ಕೆ ಹಾಕಿದೆ. ಹೇಳುತ್ತಾ ಹೇಳುತ್ತಾ ತಲೆ ತಗ್ಗಿತು.

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಕನ್ನಡದಲ್ಲಿ ಕೇಳಿದಳು. "ಯಾವಾಗ ಗೊತ್ತಾಯ್ತು ನಿಮಗೆ?"

"ಶುಕ್ರವಾರ ಸಂಜೆ."

"ಅಂದ್ರೆ, ಕ್ಷಮಿಸಿಬಿಡೋಣ ಅಂದಾಗ ಗೊತ್ತಿತ್ತು."

ಗಿರಿಜಾ ಮುಖ ಆಚೆ ತಿರುಗಿಸಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ತಿರುಗಿಸಿದ್ದನ್ನು ಅವರು ನೋಡಿರಲಿಲ್ಲ.

ನಫೂಲಾ ಕಿರುಚಲಿಲ್ಲ, ಅಳಲೂ ಇಲ್ಲ. "ಎಲ್ಲಿ ಬರೆದಿದ್ದಿರೋ ಅಲ್ಲೇ ಬರೆಯಿರಿ" ಎಂದಳು. ಈಗ ಕುರ್ಚಿ ಎಳೆದು ಕೂತಳು.

ಅವಳ ಎದುರೇ ಕೃಷ್ಣಪ್ರಸಾದರು ಗುಂಪಿನಲ್ಲಿ ಬರೆದರು. ಫಿಲ್ಟರ್ ಬದಲಿಸದೆ ಬದಲಿಸಿದ್ದೇನೆಂದು ನಮೂದಿಸಿದ್ದು ನಾನೇ, ಎಲ್ಲರ ಅನಾರೋಗ್ಯಕ್ಕೆ ಕಾರಣ ನಾನೇ, ಮೇಯ್ಡ್‌ಳ ತಪ್ಪು ಏನೂ ಇರಲಿಲ್ಲ. ಎರಡು ಸಲ ಅಳಿಸಿ ಬರೆಯಬೇಕಾಯಿತು. ಕಳಿಸಿದರು. ಇನ್ನು ಮುಖಕ್ಕೆ ಮಂಗಳಾರತಿ ಎಂದು ಕಾದು ಕೂತರು.

ಬೈಗುಳ ಬರಲಿಲ್ಲ. ಫೋನು ಟಿಣ್ ಟಿಣ್ ಎನ್ನತೊಡಗಿತು.

"ಏನು ಹೇಳುತ್ತಿದ್ದಾರೆ?" ಎಂದು ಕೇಳಿದಳು ನಫೂಲಾ.

ಗಿರಿಜಾ ಫೋನು ಕಿತ್ತುಕೊಂಡು ಓದಿ ಸ್ವಾಹಿಲಿಗೆ ತಿರುಗಿಸಿ ಹೇಳಿದಳು. "ಇಷ್ಟು ಪ್ರಾಮಾಣಿಕರು ಎಲ್ಲಿ ಸಿಗುತ್ತಾರೆ ಅಂತ ಒಬ್ಬರು. ಸರ್, ನಿಮ್ಮದು ದೊಡ್ಡ ಗುಣ, ಅಂತ ಇನ್ನೊಬ್ಬರು. ಡಾಕ್ಟರ್ ಹಂಸಾ, ಹೇಳಲು ಧೈರ್ಯ ಬೇಕು, ಮನಸ್ಸಿಗೆ ಹಚ್ಕೋಬೇಡಿ ಅಂತ. ಚಪ್ಪಾಳೆ. ಮತ್ತೆ ಚಪ್ಪಾಳೆ."

"ನನ್ನ ಬಗ್ಗೆ?"

ಗಿರಿಜಾ ಮೇಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಹನ್ನೊಂದು ಉತ್ತರಗಳಿದ್ದವು. ಅವಳು ಫೋನನ್ನು ಮೇಜಿನ ಮೇಲಿಟ್ಟಳು.

"ಸವಾ" ಎಂದಳು ನಫೂಲಾ, ಸರಿ, ಗೊತ್ತಾಯಿತು ಎನ್ನುವ ಹಾಗೆ. ಎದ್ದು ಗೌನು ಸರಿಮಾಡಿಕೊಂಡಳು. "ಅವರು ನನ್ನ ಬಗ್ಗೆ ಮಾತಾಡಿದ ದಿನ ಹೇಳಿ ಮೇಡಂ, ಬರುತ್ತೇನೆ." ಅವಳು ಮೆಟ್ಟಿಲಿಳಿದು ಹೋಗುವ ಸದ್ದು ಮೂರು ಮಹಡಿ ಕೇಳಿಸಿತು.

ಚಪ್ಪಾಳೆಗಳು ಇನ್ನೂ ಬರುತ್ತಲೇ ಇದ್ದವು. ಹದಿನೇಳು ವರ್ಷ ಹೊಗಳಿಸಿಕೊಂಡೇ ಬದುಕಿದ ಮನುಷ್ಯನಿಗೆ ಒಂದೊಂದು ಹೊಗಳಿಕೆಯೂ ಕಪಾಳಕ್ಕೆ ಬಿದ್ದಂತಾಯಿತು. ಗುಂಪು ಮುಚ್ಚಿ ವಿಶ್ವನಾಥರ ನಂಬರು ಒತ್ತಿದರು. ಡ್ರಿಪ್ ಹಾಕಿಸಿಕೊಂಡ ತಾಯಿಯನ್ನು ನೋಡಲು ಕೂಡ ಅವರು ಹೋಗಿರಲಿಲ್ಲ.

"ಏನ್ ಸರ್ ನೀವು! ಓದ್ದೆ ಈಗ ತಾನೇ. ಅಮ್ಮ ಆರಾಮಾಗಿದಾರೆ. ನಿಮ್ಮಂಥೋರು ಅಷ್ಟೆಲ್ಲ ಕ್ಷಮೆ..."

"ಅದಕ್ಕಲ್ಲ ವಿಶ್ವನಾಥ್ ಫೋನ್ ಮಾಡಿದ್ದು. ನಫೂಲಾ ವಿಷಯ ಮಾತಾಡ್ಬೇಕು."

"ಯಾರು ಸರ್ ನಫೂಲಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಕೃಷ್ಣಪ್ರಸಾದರಿಗೆ. ಒಂಬತ್ತು ವರ್ಷದ ಹಬ್ಬಗಳಲ್ಲಿ ಇವರಿಗೆಲ್ಲ ಎಲೆ ಹಾಕಿ ಬಡಿಸಿದವಳು. ಅವಳ ಹೆಸರನ್ನು ತಾವು ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ. ತೆಗೆದುಹಾಕುವಾಗಲೂ ಹೇಳಲಿಲ್ಲ, ಈಗ ಬರೆದದ್ದರಲ್ಲೂ ಇಲ್ಲ.

"ಪೂಜೆ ದಿನ ನಿಮ್ಮ ತಾಯಿಯವರ ಕೈ ಹಿಡಿದು ಮೂರು ಮಹಡಿ ಹತ್ತಿಸಿಕೊಂಡು ಬಂದರಲ್ಲ, ಅವರು" ಎಂದರು. "ಫೋನ್ ಸ್ಪೀಕರಿಗೆ ಹಾಕಿ ವಿಶ್ವನಾಥ್, ಅಮ್ಮನೂ ಕೇಳಲಿ. ಮೊದಲಿಂದ ಹೇಳ್ತೀನಿ."