ಒಂದು ಗಿಡ್ಡ, ಒಂದು ಉದ್ದ, ಮೂರು ಗಿಡ್ಡ

ನಮ್ಮ ಜೀಪಿನ ಕೆಂಪು ದೀಪ ಮೊದಲ ಸಲ ಮಿಣುಕಿದ್ದು ಚೇರಂಬಾಣೆಯಿಂದ ತೋಟಕ್ಕೆ ಹತ್ತುವ ಕೊರಕಲು ದಾರಿಯಲ್ಲಿ. ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ಕುಟ್ಟಪ್ಪ ದೊಡ್ಡಪ್ಪ, ಹಿಂದೆ ಉಪ್ಪಿನ ಮೂಟೆಯ ಮೇಲೆ ಬೊಳ್ಳಮ್ಮ ಚಿಕ್ಕಮ್ಮ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಬಿ.ಎ. ಮುಗಿಸಿ ಬಂದ ನನಗೆ ಜೀಪು ಓಡಿಸುವುದರ ಹೊರತು ಬೇರೆ ಕೆಲಸವಿರಲಿಲ್ಲ. ಜೊತೆಗಿದ್ದವರು ಮಾತಾಡದಿದ್ದರೆ ಆ ಕೆಲಸ ನನಗೆ ಇಷ್ಟವೂ ಆಗುತ್ತಿತ್ತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ನಾಲ್ಕು ಚಕ್ರಗಳೂ ಎಳೆಯಬೇಕಾದರೆ ಗೇರಿನ ಪಕ್ಕದ ಸಣ್ಣ ಲಿವರನ್ನು ಎಳೆಯಬೇಕು. ಆಗ ಕೆಂಪು ದೀಪ ಹತ್ತಬೇಕು, ಲಿವರು ಬಿಟ್ಟರೆ ಆರಬೇಕು. ಹಿಂದೆ ಸೈನ್ಯದಲ್ಲಿ ಜೀಪು ಓಡಿಸುತ್ತಿದ್ದ ಯಾರೋ ಮರೆಗುಳಿ ಆ ದೀಪವನ್ನು ತನಗಾಗಿ ಕೂಡಿಸಿಕೊಂಡಿದ್ದನಂತೆ. ಆ ದಿನ ನಾನು ಲಿವರನ್ನು ಮುಟ್ಟಿರಲಿಲ್ಲ. ಆದರೂ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಸ್‌ಬೊಡ," ಎಂದರು ದೊಡ್ಡಪ್ಪ. "ಹಿಂಗೇ ಹೋಗ್. ನಿಧಾನ."

ನಾನು ಬೆಚ್ಚಿದೆ. ದೊಡ್ಡಪ್ಪ ಬಾಯಿಬಿಟ್ಟು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಬಹಳ ಕಾಲವಾಗಿತ್ತು.

ಅವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರರಾಗಿದ್ದವರು. ಅಲ್ಲಿ ಅವರ ಕೆಲಸ ತಂತಿಯಲ್ಲಿ ಬರುವ ಗಿಡ್ಡ ಉದ್ದ ಸದ್ದುಗಳನ್ನು ಅಕ್ಷರ ಮಾಡುವುದು. ನಿವೃತ್ತರಾಗಿ ಬಂದವರು ಬಾಯಿಯನ್ನು ಊಟಕ್ಕೆ ಮಾತ್ರ ಇಟ್ಟುಕೊಂಡರು. ಉಳಿದದ್ದೆಲ್ಲ ಬೆರಳಲ್ಲೇ ಆಗುತ್ತಿತ್ತು. ಗಿಡ್ಡಕ್ಕೆ ಒಂದು ಪೆಟ್ಟು, ಉದ್ದಕ್ಕೆ ಉಗುರಿನಿಂದ ಒಂದು ಗೀರು. ಬಚ್ಚಲಲ್ಲಿದ್ದಾಗ ಯಾರಾದರೂ ಕರೆದರೆ ಒಳಗಿನಿಂದ ಬಾಗಿಲು ತಟ್ಟುವರು: ಒಂದು ಗಿಡ್ಡ, ಒಂದು ಉದ್ದ, ಮೂರು ಗಿಡ್ಡ. ಹಾಗೆಂದರೆ 'ಕಾಯಿರಿ.' ಏನಾದರೂ ಹೇಳಿದರೆ ಲೋಟದ ಅಂಚಿಗೆ ತಟ್ಟುವರು: ಮೂರು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. 'ತಿಳಿಯಿತು.' ಇವೆರಡು ನಮ್ಮ ಮನೆಯ ನಾಯಿಗೂ ಗೊತ್ತಿದ್ದವು.

ಅವರ ಕಿರಿಯ ತಮ್ಮ ಪೊನ್ನಪ್ಪ ಯುದ್ಧದಲ್ಲಿ ಬರ್ಮಾಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ. ಮದುವೆಯಾದ ವರ್ಷವೇ ಅವನನ್ನು ಕಳುಹಿಸಿಕೊಟ್ಟಿದ್ದ ಬೊಳ್ಳಮ್ಮ ಚಿಕ್ಕಮ್ಮ ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಳು. ಈಗ ಮೂರ್ನಾಡಿನ ನಾಣಯ್ಯ ಎಂಬಾತ, ಜೇನುಪೆಟ್ಟಿಗೆ ಮಾಡುವವನು, ಹೆಂಡತಿಯನ್ನು ಕಳೆದುಕೊಂಡವನು, ಅವಳನ್ನು ಕೂಡಾವಳಿ ಮಾಡಿಕೊಳ್ಳಲು ಕೇಳಿದ್ದ. ಗಂಡ ಹೋದವಳು ಮತ್ತೆ ಮದುವೆಯಾಗುವುದು ನಮ್ಮಲ್ಲಿ ಹೊಸದೇನಲ್ಲ. ಚಿಕ್ಕಮ್ಮ ಒಪ್ಪಿದ್ದಳು. ಅಪ್ಪ ಅಮ್ಮ ಒಪ್ಪಿದ್ದರು. ಮನೆಯ ಹಿರಿಯರಾದ ದೊಡ್ಡಪ್ಪ ಮಾತ್ರ ಲೋಟ ತಟ್ಟಿರಲಿಲ್ಲ. ಅವರು ತಟ್ಟದೆ ಆ ಮದುವೆ ಆಗುವಂತಿರಲಿಲ್ಲ. ಭಾನುವಾರ ನಾಣಯ್ಯ ಉತ್ತರ ಕೇಳಲು ಬರುವವನಿದ್ದ.

ಕೊರಕಲಿನಲ್ಲಿ ಜೀಪು ತೆವಳುತ್ತಿತ್ತು. ದೊಡ್ಡಪ್ಪನ ಬೆರಳು ದೀಪದ ಜೊತೆಗೇ ತಗಡಿನ ಮೇಲೆ ಕುಣಿಯಿತು. ಒಂದು ಗಿಡ್ಡ, ಒಂದು ಉದ್ದ, ಮೂರು ಗಿಡ್ಡ. ಸ್ವಲ್ಪ ಕತ್ತಲೆ. ಮತ್ತೆ ಅದೇ.

"ಕಾಯ್ಕು ಹೇಳ್ತ ಉಟ್ಟು," ಎಂದರು. ಕಾಯಲು ಹೇಳುತ್ತಿದೆಯಂತೆ.

"ಯಾರು ದೊಡ್ಡಪ್ಪ?"

ಅವರು ನನ್ನನ್ನು ನೋಡಿದ ರೀತಿಗೆ ನನ್ನ ಡಿಗ್ರಿ ನನಗೇ ಭಾರವಾಯಿತು. "ಈ ಜೀಪು ಎಲ್ಲಿಂದ ಬಂದದ್ದು?"

ಬರ್ಮಾದಿಂದ ಎಂದು ಹರಾಜಿನವನು ಹೇಳಿದ್ದ. ಎಲ್ಲ ಜೀಪುಗಳಿಗೂ ಅವನು ಹಾಗೆಯೇ ಹೇಳುತ್ತಿದ್ದ. ಹಿಂದೆ ಉಪ್ಪಿನ ಮೂಟೆಯ ಮೇಲಿದ್ದ ಚಿಕ್ಕಮ್ಮ ದೀಪ ಕಾಣುವಂತೆ ಮುಂದಕ್ಕೆ ಬಗ್ಗಿದಳು.

ಮರುದಿನದಿಂದ ನಮ್ಮ ಕಣದಲ್ಲಿ ದೀಪಕ್ಕೆ ಕಿವಿಗೊಡುವ ಕೆಲಸ ಶುರುವಾಯಿತು. ನಿಂತ ಜೀಪಿನಲ್ಲಿ ದೀಪ ಮಿಣುಕುತ್ತಿರಲಿಲ್ಲ. ಎಂಜಿನ್ನು ಹಾಕಿ ಓಡಿಸಿದರೆ ವೇಗ ಹೆಚ್ಚಾಗಿ ಮಾತು ತೊದಲುತ್ತಿತ್ತು. ಆದ್ದರಿಂದ ಎಂಜಿನ್ನು ಆರಿಸಿ ಕೂಲಿಲೈನಿನ ನಾಲ್ವರು ಆಳುಗಳು ಹಿಂದಿನಿಂದ ತಳ್ಳಬೇಕು, ನಾನು ಸ್ಟಿಯರಿಂಗ್ ಹಿಡಿದು ಕಣದ ಸುತ್ತ ತಿರುಗಿಸಬೇಕು, ದೊಡ್ಡಪ್ಪ ಪಕ್ಕದಲ್ಲಿ ಕೂತು ಓದಬೇಕು. ಕಾಫಿ ಒಣಗಿಸಲೆಂದು ಅಮ್ಮ ಹೊಸದಾಗಿ ಸೆಗಣಿ ಸಾರಿಸಿದ್ದ ಕಣ ಅದು.

"ನನ್ನ ಕಣ ಹಾಳಾತ್!" ಎಂದು ಅಮ್ಮ ಪೊರಕೆ ಹಿಡಿದು ಜೀಪಿನ ಹಿಂದೆ ಸುತ್ತಿದಳು. "ಕಾಯ್ಕು ಹೇಳ್ದಾದ್ರೆ ಒಂದು ಕಡೆ ಕುದ್ದು ಕಾಯಿ ಭಾವ. ಕಾಯ್ದಕ್ಕೂ ಹಿಂಗೆ ತಿರುಗುಕಾ?"

ದೊಡ್ಡಪ್ಪ ತಗಡು ತಟ್ಟಿದರು: ತಿಳಿಯಿತು. ಜೀಪು ತಿರುಗುತ್ತಲೇ ಇತ್ತು.

ಸುದ್ದಿ ಹರಡಿತು. ನಮ್ಮ ಕಡೆ ಪಿಂಚಣಿ ತೆಗೆದುಕೊಳ್ಳುವ ಸೈನಿಕರಿಗೆ ಕೊರತೆಯಿಲ್ಲ. ಒಬ್ಬೊಬ್ಬರೇ ಕೋಟು ಹಾಕಿಕೊಂಡು ಬಂದರು. ಒಬ್ಬರು ಜೀಪಿಗೆ ಸೆಲ್ಯೂಟ್ ಹೊಡೆದರು. ಫಿರಂಗಿ ದಳದ ಸುಬೇದಾರರೊಬ್ಬರು ಮಾತ್ರ ದೂರ ನಿಂತು, "ಈ ಸಿಗ್ನಲ್ಸ್‌ನವ್ರನ್ನ ನಂಬ್‌ಬೊಡಿ. ಅವು ಹೇಳ್ದ ಜಾಗಕ್ಕೆ ಗುಂಡು ಹಾಕಿ ನಾವು ನಮ್ಮ ಅಡಿಗೆ ಟೆಂಟನ್ನೇ ಹಾರ್ಸಿದ್ದೊ," ಎಂದರು. ಆದರೆ ಹೋಗುವ ಮುಂಚೆ ಅವರೂ ಮೆಲ್ಲಗೆ ಬಗ್ಗಿ, ಮಗನ ಬಡ್ತಿಯ ವಿಚಾರ ದೀಪವನ್ನು ಕೇಳಿದರು. ದೀಪ ಕಾಯಲು ಹೇಳಿತು. ಅವರಿಗೆ ಸಮಾಧಾನವಾಯಿತು.

ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಏಲಕ್ಕಿ ಈಗಲೇ ಮಾರಲೋ? ಕಾಯಿರಿ. ಪಕ್ಕದ ತೋಟದವನ ಮೇಲೆ ದಾವೆ ಹೂಡಲೋ? ಕಾಯಿರಿ. ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಜಾನನ ಭಟ್ಟರು ಓದಿದವರು, ಆದರೆ ಅವರೂ ಸಾಲಿನಲ್ಲಿ ನಿಂತು, "ಕಾಫಿ ಪಿಕಿಂಗಿಗೆ ಹೆಚ್ಚಿನ ಜನ ಹೇಳಬೇಕಿತ್ತು. ನನಗೇನೂ ನಂಬಿಕೆಯಿಲ್ಲ, ಸುಮ್ಮನೆ ಕೇಳಿ ನೋಡಿ," ಎಂದರು. ದೀಪ ಕಾಯಲು ಹೇಳಿದ ಮೇಲೆ ಅವರು ಆಳುಗಳನ್ನು ಕರೆಸಲಿಲ್ಲ. ಹಣ್ಣಾದ ಕಾಫಿ ಗಿಡದಲ್ಲೇ ಕಪ್ಪಾಗತೊಡಗಿತು.

ಆಗ ಅಪ್ಪ ಮೆಕ್ಯಾನಿಕ್ ಮೊಯ್ದುವನ್ನು ಕರೆಸಿದರು. ಅಪ್ಪನ ಹೆಸರು ಬೋಜಪ್ಪ. ಜೀಪು, ತೋಟ ಎರಡೂ ಅವರ ಹೆಸರಲ್ಲೇ ಇದ್ದವು. ಆದರೆ ಅಣ್ಣನ ಎದುರು ಅವರು ಕುರ್ಚಿಯ ತುದಿಯಲ್ಲೇ ಕೂರುವವರು.

ಮೊಯ್ದು ಜೀಪಿನ ಕೆಳಗೆ ಮಲಗಿ, "ಪಡಚ್ಚೋನೇ!" ಎಂದು ದೇವರನ್ನು ಕರೆದ. ಆಮೇಲೆ ಬಹಳ ಹೊತ್ತು ಅವನ ಕಾಲುಗಳು ಮಾತ್ರ ಕಾಣಿಸಿದವು.

"ಎಂತ ಮೊಯ್ದು?" ಅಪ್ಪ ಕೇಳಿದರು.

"ಎಂತ ಇಲ್ಲ ಸಾರ್. ದೀಪದ ವಯರ್ ಜೋತು ಬಿದ್ದು ಮುಂದಿನ ಶಾಫ್ಟಿಗೆ ತಾಗ್ತಾ ಉಂಟು. ಸಿಪ್ಪೆ ಹೋಗಿದೆ. ಶಾಫ್ಟಿನ ಜಾಯಿಂಟಲ್ಲಿ ನಾಲ್ಕು ನಟ್ಟು, ನಾಲ್ಕು ಸಲ ಚುಕ್ ಚುಕ್ ಅಂತ ತಾಗ್ತದೆ. ಒಂದು ನಟ್ಟಿನ ಪಕ್ಕ ಯಾವನೋ ಕಬ್ಬಿಣದ ಪಟ್ಟಿ ಸುತ್ತಿದ್ದಾನೆ, ಅದು ತಾಗುವಾಗ ಉದ್ದ."

"ನಡುವೆ ಸ್ವಲ್ಪ ಕತ್ತಲೆ ಬರ್ತದಲ್ಲ?" ನಾನು ಕೇಳಿದೆ. ನನಗೆ ಬೇಕಿದ್ದದ್ದು ಅದೊಂದೇ.

"ಅಲ್ಲಿ ಗ್ರೀಸ್ ಹೆಪ್ಪುಗಟ್ಟಿದೆ ಸಾರ್."

ಎರಡು ಮಾತಿನ ನಡುವಿನ ಆ ಬಿಡುವನ್ನೇ ನಾನು ದಿನಗಟ್ಟಲೆ ದಿಟ್ಟಿಸಿದ್ದೆ. ಏನಾದರೂ ಹೇಳುವುದಿದ್ದರೆ ಅದು ಅಲ್ಲಿರಬೇಕೆಂದುಕೊಂಡಿದ್ದೆ. ಅದು ಗ್ರೀಸು.

"ಒಂದು ಟೇಪು ಸುತ್ತಿದ್ರೆ ಆಯ್ತು," ಎಂದು ಮೊಯ್ದು ಹೊರಗೆ ಬಂದ. "ಇಲ್ಲಾಂದ್ರೆ ಬಲ್ಬೇ ಕಿತ್ತು ಬಿಸಾಡಿ. ಜೀಪಿಗೆ ಎಂತಕ್ಕೆ ನಾಲಿಗೆ?"

ದೊಡ್ಡಪ್ಪ ಅವನ ಕೈಯಿಂದ ಟೇಪು ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿದರು. "ತಂತಿ ಆಪೀಸಿಲಿ ಇರುದು ಎಂತ?" ಎಂದರು. "ಅದೂ ಕಬ್ಬಿಣವೇ. ಕಬ್ಬಿಣ ಕಬ್ಬಿಣಕ್ಕೆ ತಾಗಿರೆ ಸುದ್ದಿ. ಎಲ್ಲಿ ತಾಗಿತ್ ಅಂತ ನೀ ಹೇಳ್ದೆ. ಎಂತ ಹೇಳಿತ್ ಅಂತ ನಾ ಹೇಳ್ದೆ. ಇಬ್ರದ್ದೂ ಸರಿ."

ನಾನು ಮೊಯ್ದುವಿನ ಸ್ಪ್ಯಾನರುಗಳನ್ನು ಅವನ ಚೀಲಕ್ಕೆ ತುಂಬತೊಡಗಿದೆ. ತತ್ತ್ವಶಾಸ್ತ್ರ ನನ್ನ ಐಚ್ಛಿಕ ವಿಷಯವಾಗಿತ್ತು.

ಆ ಸಂಜೆ ಚಿಕ್ಕಮ್ಮ ಒಲೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಾ ಮೊರದ ಅಂಚಿಗೆ ಬೆರಳಿನಿಂದ ತಟ್ಟುತ್ತಿದ್ದಳು. ಒಮ್ಮೆ ಹೀಗೆ, ಒಮ್ಮೆ ಹಾಗೆ. ನಾನು ನೋಡುತ್ತಿರುವುದು ಕಂಡು ನಿಲ್ಲಿಸಿದಳು.

"ಭಾನುವಾರ ದೊಡ್ಡಪ್ಪ ಒಪ್ಪದಿದ್ದರೆ ಏನು ಮಾಡ್ತೀ?" ನಾನು ಕೇಳಿದೆ.

"ಇಲ್ಲೇ ಇರುದು," ಎಂದಳು. "ಹೇಳದೆ ಕಾಣೆಯಾದವನ ಮನೆಯಿಂದ ನಾನೂ ಹೇಳದೆ ಹೋಗುಕೆ ಆದುಲ್ಲೆ."

ಭಾನುವಾರ ನಾಣಯ್ಯ ಜೇನಿನ ಬಾಟಲಿ ಹಿಡಿದು ಬಂದ. ನಿಧಾನದ ಮನುಷ್ಯ. ಕೂರಲು ಹೇಳಿದ ಮೇಲೂ ಸ್ವಲ್ಪ ನಿಂತಿದ್ದು ಕೂರುವವನು. ದೊಡ್ಡಪ್ಪ ಅವನನ್ನು ಕೂರಲು ಬಿಡದೆ ನೇರ ಕಣಕ್ಕೆ ಕರೆದೊಯ್ದು ಜೀಪಿನ ಹಿಂದಿನ ಸೀಟಿಗೆ ಹತ್ತಿಸಿದರು. ಲೈನಿನವರು ತಳ್ಳಿದರು. ದೀಪ ಮಿಣುಕಿತು.

"ಕಾಯ್ಕು ಹೇಳ್ತ ಉಟ್ಟು," ಎಂದರು ದೊಡ್ಡಪ್ಪ.

ನಾಣಯ್ಯ ದೀಪವನ್ನು ಗೌರವದಿಂದ ನೋಡಿದ. "ಎಷ್ಟು ದಿನ ಅಂತ ಹೇಳ್ತದಾ?"

"ಅದು ಹೇಳುಲೆ."

"ಜೇನೂ ಹೇಳುಲೆ," ಎಂದ ನಾಣಯ್ಯ. ಜೀಪು ಹಲವು ಸುತ್ತು ಹಾಗೆಯೇ ತಿರುಗಿತು. ಹೆಣ್ಣು ಕೇಳಲು ಬಂದವನನ್ನು ಇಷ್ಟು ತಿರುಗಿಸಿದ್ದು ಬೇರೆಲ್ಲೂ ಇರಲಾರದು.

ಆಗ ಚಿಕ್ಕಮ್ಮ ಜಗಲಿಯಿಂದ ಇಳಿದು ಬಂದು ಜೀಪಿನ ಮುಂದೆ ನಿಂತಳು. ತಳ್ಳುವವರು ನಿಂತರು.

"ನೀವು ಆಚೆ ಹೋಗಿ," ಎಂದು ಅವರಿಗೆ ಹೇಳಿದಳು. ನನ್ನತ್ತ ತಿರುಗಿ, "ಸ್ಟಿಯರಿಂಗ್ ನೆಟ್ಟಗೆ ಹಿಡಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟಳು. ಗಾಜನ್ನು ಮಡಚಿ ಹಾಕಿದ್ದ ಜೀಪು. ಅವಳಿಗೂ ದೊಡ್ಡಪ್ಪನಿಗೂ ನಡುವೆ ಏನೂ ಇರಲಿಲ್ಲ.

"ಎಂತ ಮಾಡ್ತೆ ಬೊಳ್ಳು?" ಎಂದರು ದೊಡ್ಡಪ್ಪ.

"ಭಾವ, ಇಷ್ಟು ವರ್ಷ ನಿಮ್ಮ ಬಾಗಿಲು ಕೇಳಿದೆ, ಲೋಟ ಕೇಳಿದೆ. ಕಾಯಿ ಅಂತ ನೀವು ತಟ್ಟುದೂ, ತಿಳಿತ್ ಅಂತ ತಟ್ಟುದೂ ಒಂದೇ, ಹಿಂದ್ ಮುಂದ್ ಅಷ್ಟೆ. ಒಂದು ಹೋಪ ದಾರಿ, ಒಂದು ಬಪ್ಪ ದಾರಿ." ಅವಳು ಭುಜ ಕೊಟ್ಟು ತಳ್ಳಿದಳು. ಜೀಪು ಅಲ್ಲಾಡಲಿಲ್ಲ.

ನಾಣಯ್ಯ ಹಿಂದಿನ ಸೀಟಿನಿಂದ ಇಳಿದ. ಜೇನಿನ ಬಾಟಲಿಯನ್ನು ಅಮ್ಮನ ಕೈಗೆ ಕೊಟ್ಟ. ಅವಳ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು, ಅವನೂ ಬಾನೆಟ್ಟಿಗೆ ಕೈ ಕೊಟ್ಟ.

ಜೀಪು ಹಿಂದಕ್ಕೆ ಚಲಿಸಿತು.

ಕೆಂಪು ದೀಪ ಹತ್ತಿತು. ಮೂರು ಗಿಡ್ಡ. ಒಂದು ಉದ್ದ. ಒಂದು ಗಿಡ್ಡ. ಗ್ರೀಸು. ಮೂರು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ.

ದೊಡ್ಡಪ್ಪನ ಬೆರಳು ಅವರನ್ನು ಕೇಳದೆಯೇ ತಗಡಿನ ಮೇಲೆ ಅದನ್ನು ತಟ್ಟಿತು. ಹವಾಲ್ದಾರರ ಬೆರಳು ಬಂದದ್ದನ್ನು ಬಂದಂತೆ ಬರೆಯುತ್ತದೆ, ಒಪ್ಪುತ್ತದೋ ಇಲ್ಲವೋ ಬೇರೆ ವಿಚಾರ. ಕಣದ ಸುತ್ತ ನಿಂತ ಎಲ್ಲರಿಗೂ ಆ ಸದ್ದು ಗೊತ್ತಿತ್ತು. ನಾಯಿ ಬಾಲ ಅಲ್ಲಾಡಿಸಿತು.

"ತಿಳಿತ್ ಹೇಳ್ತ ಉಟ್ಟು," ಎಂದರು ದೊಡ್ಡಪ್ಪ, ಬಹಳ ಮೆಲ್ಲಗೆ.

"ಯಾರು ಭಾವ?" ಚಿಕ್ಕಮ್ಮ ಏದುಸಿರು ಬಿಡುತ್ತಾ ಕೇಳಿದಳು.

ಅವರು ಅವಳನ್ನು ನೋಡಿದರು. ಅವಳು ತಳ್ಳುವುದನ್ನು ನಿಲ್ಲಿಸಿರಲಿಲ್ಲ. ಜೀಪು ಕಣ ದಾಟಿ ಗೊಬ್ಬರದ ಗುಂಡಿಯ ಕಡೆಗೆ ಹೋಗುತ್ತಿತ್ತು. ಬ್ರೇಕು ಹಾಕಲು ನನಗೆ ಮನಸ್ಸಾಗಲಿಲ್ಲ.

"ಪೊನ್ನು," ಎಂದರು ದೊಡ್ಡಪ್ಪ. ತಮ್ಮ ಹೋದ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ, ಅದಕ್ಕೆ ಯಾವ ತಟ್ಟುವಿಕೆಯೂ ಇರಲಿಲ್ಲ. "ಪೊನ್ನುಗೆ ತಿಳಿತ್. ನೀ ಹೋಗ್."

ಹಿಂದಿನ ಚಕ್ರಗಳು ಗೊಬ್ಬರದ ಗುಂಡಿಗೆ ಇಳಿದವು. ಹೊರಗೆ ತೆಗೆಯಲು ನಾನು ಲಿವರು ಎಳೆದೆ. ಈ ಸಲ ದೀಪ ನಿಯಮದ ಪ್ರಕಾರವೇ ಹತ್ತಿ, ಮಿಣುಕದೆ ಉರಿಯಿತು. ಯಾರೂ ಅದನ್ನು ನೋಡಲಿಲ್ಲ.

ಕೂಡಾವಳಿ ಮೂರ್ನಾಡಿನಲ್ಲಿ. ಹೊರಡುವ ದಿನ ದೊಡ್ಡಪ್ಪ ಕೋಟು ಪದಕಗಳನ್ನು ಹಾಕಿ ಮುಂದಿನ ಸೀಟಿನಲ್ಲಿ ಕೂತು, "ಹಿಂದೆ ಹೋಗ್," ಎಂದರು.

"ಮೂರ್ನಾಡಿನ ತನಕ?"

"ಮುಂದೆ ಹೋದ್ರೆ ಕಾಯ್ಕಾದು."

ನಾವು ಮೂರ್ನಾಡಿಗೆ ರಿವರ್ಸಿನಲ್ಲೇ ಹೋದೆವು. ನನ್ನ ಕತ್ತು ಹಿಂದಕ್ಕೆ ತಿರುಗಿಯೇ ಇತ್ತು. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಹೋಗುವ ಕಡೆಗೆ ಮುಖ ಮಾಡಿ ಕೂತಿದ್ದಳು. ದೊಡ್ಡಪ್ಪ ಮಾತ್ರ ನಮ್ಮ ಗೇಟು, ತೋಟ, ಗುಡ್ಡ ಚಿಕ್ಕದಾಗುವುದನ್ನು ನೋಡುತ್ತಾ ಕೂತರು. ಎದುರು ಬಂದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ಮದುವೆಗೆ ಹೋಗ್ತಿದ್ದೀರೋ ಬರ್ತಿದ್ದೀರೋ?" ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. ಅಮ್ಮ, "ಮುಗಿಸಿ ಬರ್ತೊ," ಎಂದು ಸುಳ್ಳು ಹೇಳಿದಳು. ದೀಪ ವೇಗಕ್ಕೆ ತೊದಲುತ್ತಾ ಅದೊಂದೇ ಮಾತನ್ನು ದಾರಿಯುದ್ದಕ್ಕೂ ಹೇಳಿತು.

ಬರುವಾಗ ಚಿಕ್ಕಮ್ಮನ ಸೀಟು ಖಾಲಿಯಿತ್ತು. ನನ್ನ ಕತ್ತು ತಿರುಗುತ್ತಿರಲಿಲ್ಲ. ಮುಂದಕ್ಕೇ ಓಡಿಸಬಹುದೇ ಎಂದು ಕೇಳಿದೆ. ದೊಡ್ಡಪ್ಪ ಹ್ಞೂಂ ಎಂದರು. ಬೆರಳಿನಿಂದಲ್ಲ, ಬಾಯಿಯಿಂದಲೇ. ಕೊರಕಲು ದಾರಿ ಬಂತು, ಜೀಪು ನಿಧಾನವಾಯಿತು, ದೀಪ ಶುರು ಮಾಡಿತು: ಒಂದು ಗಿಡ್ಡ, ಒಂದು ಉದ್ದ.

ದೊಡ್ಡಪ್ಪ ತಮ್ಮ ಟೊಪ್ಪಿ ತೆಗೆದು ಅದರ ಮೇಲೆ ಮುಚ್ಚಿದರು.

"ಮಲಗಲಿ," ಎಂದರು. "ಅದಕ್ಕೂ ಸಾಕಾಗಿರ್ದು."