ಕಾಲು ಎತ್ತಿದಾಗಿನ ಶಬ್ದ

ನೀರಿನ ಟ್ಯಾಂಕರ್‌ನವನು ಗೇಟಿನ ಹೊರಗೆ ಹಾರ್ನ್ ಮಾಡುತ್ತಿದ್ದ. ವಾಚ್‌ಮನ್ ಮೇಲೆ ಬಂದು, "ಅಮ್ಮಾ, ಕಾರು ಕೊಂಚೆಂ ತೀಯಂಡಿ" ಎಂದ ತೆಲುಗಿನಲ್ಲಿ. ಪೃಥ್ವಿ ತೀರಿಕೊಂಡಾಗಿನಿಂದ ಆ ಕಾರನ್ನು ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಇಷ್ಟು ದಿನ ಟ್ಯಾಂಕರ್ ರಸ್ತೆಯಲ್ಲೇ ನಿಂತು, ಅಲ್ಲಿಂದಲೇ ಪೈಪು ಎಳೆದು ನೀರು ಬಿಡುತ್ತಿತ್ತಂತೆ. ನಿನ್ನೆ ಕೊನೆಯ ನೆಂಟರು ರೈಲು ಹತ್ತಿದರು. ಇವತ್ತು ಕಾರು ತೆಗೆಯಬೇಕು.

ನನ್ನ ಗಂಡ ಪೃಥ್ವೀರಾಜ್ ನೌಕಾಪಡೆಯಲ್ಲಿದ್ದ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಮನೆಗೆ ಬಂದ ಮೇಲೂ ಎಂಜಿನ್ನೇ. ಕಂಪ್ಯೂಟರಿನ ಮುಂದೆ ಸ್ಟೀರಿಂಗ್ ಚಕ್ರ, ಕಾಲ ಕೆಳಗೆ ಪೆಡಲು ಕೂರಿಸಿಕೊಂಡು ರೇಸಿಂಗ್ ಸಿಮ್ಯುಲೇಟರ್ ಓಡಿಸುತ್ತಿದ್ದ. ಗಾಜುವಾಕದ ಈ ಫ್ಲ್ಯಾಟಿನ ಗೋಡೆಗಳು ತೆಳು, ಪಕ್ಕದ ಮನೆಯಲ್ಲಿ ಹಸುಗೂಸು. ಹಾಗಾಗಿ ಯಾವಾಗಲೂ ಹೆಡ್‌ಫೋನ್. ನನಗೆ ಕೇಳಿಸುತ್ತಿದ್ದದ್ದು ಪೆಡಲಿನ ಟಕಟಕ, ಚಕ್ರದ ಕಿರುಗುಟ್ಟುವಿಕೆ. ನನ್ನ ಮಟ್ಟಿಗೆ ಆ ಕಾರುಗಳಿಗೆ ಶಬ್ದವೇ ಇರಲಿಲ್ಲ. ಅವನೂ ಗೆಳೆಯ ಸುಮಂತನೂ ಸೇರಿ ಆಟದ ಕಾರುಗಳಿಗೆ ನಿಜವಾದ ಕಾರಿನ ಶಬ್ದ ಹಿಡಿದು ಕೂರಿಸುತ್ತಾರೆ ಎಂದು ಗೊತ್ತಿತ್ತು. ಗೊತ್ತಿತ್ತು, ಅಷ್ಟೇ.

ಗೇಟಿನ ಬಳಿಯ ಹಳೆಯ ಎಸ್ಟೀಮ್ ಕಾರು ಅದಕ್ಕೆಂದೇ ಎರವಲು ತಂದದ್ದು. ವಿಜಯವಾಡದ ದೊಡ್ಡಯ್ಯ ಎಂಬವರದು. ಮದ್ದೂರಿನ ಕಡೆಯವರು, ಆಟೋನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಒಂದು ಕಾಲದಲ್ಲಿ ಇದೇ ಕಾರಿನಲ್ಲಿ ರೇಸಿನ ರ‍್ಯಾಲಿಗೆ ಹೋಗುತ್ತಿದ್ದರಂತೆ.

ಒಳಗೆ ಕೂತೆ. ಕ್ಲಚ್ಚಿಗೆ ಕಾಲು ಸಿಗಲಿಲ್ಲ. ಸೀಟು ಪೃಥ್ವಿಯ ಕಾಲಿಗೆ ತಕ್ಕಂತೆ ಹಿಂದಕ್ಕಿತ್ತು. ಮುಂದಕ್ಕೆ ಎಳೆದುಕೊಂಡೆ. ಎಳೆದ ಮೇಲೆ, ಮೊದಲು ಎಲ್ಲಿತ್ತು ಎಂದು ನೋಡಿಕೊಳ್ಳಬೇಕಿತ್ತು ಅನ್ನಿಸಿತು. ಹಾರ್ನ್ ಮತ್ತೆ ಕೇಳಿತು. ಕಾರು ತೆಗೆದೆ. ಪಕ್ಕದ ಸೀಟಿನಲ್ಲಿ ಅಂಗೈಯಗಲದ, ತನ್ನದೇ ಮೈಕಿರುವ ರೆಕಾರ್ಡರ್ ಇತ್ತು. ಬಾನೆಟ್ಟಿನಿಂದ ಒಂದು ಮೈಕಿನ ವೈರು, ಹಿಂದಿನ ಸೈಲೆನ್ಸರ್ ಕಡೆಯಿಂದ ಒಂದು, ಎರಡೂ ಬಂದು ಅದಕ್ಕೆ ಸೇರಿದ್ದವು.

ಸುಮಂತನಿಗೆ ಫೋನ್ ಮಾಡಿದೆ. ಅವನು ಅಚ್ಯುತಾಪುರಂನ ಒಂದು ಔಷಧಿ ಕಾರ್ಖಾನೆಯಲ್ಲಿದ್ದಾನೆ.

"ಅತ್ಗೆ, ನಾನೇ ಮಾಡೋನಿದ್ದೆ. ದೊಡ್ಡಯ್ಯನೋರು ಕೇಳ್ತಿದ್ರು. ನಿಮಗೆ ನೇರವಾಗಿ ಕೇಳೋಕೆ ಮುಜುಗರ ಅವರಿಗೆ."

"ಕಾರು ಬೇಕಂತಾ?"

"ಮಾರಿಬಿಟ್ಟಿದ್ದಾರೆ. ಸೋಮವಾರ ಕೊಂಡೋರು ಬಂದು ಎಂಜಿನ್ ಬಿಚ್ಚಿಕೊಂಡು ಹೋಗ್ತಾರಂತೆ. ನಾನು ಡ್ರೈವರ್‌ನ ಕಳಿಸ್ತೀನಿ, ನೀವು ಕೀ ಕೊಡಿ ಸಾಕು."

"ಶಬ್ದ ಹಿಡಿದಾಯ್ತಾ?"

"ಅರ್ಧ. ಆ್ಯಕ್ಸಿಲರೇಟರ್ ಒತ್ತಿದಾಗಿನದು ಪೃಥ್ವಿ ಪೂರ್ತಿ ಹಿಡಿದಿದ್ದಾನೆ. ಕಾಲು ಎತ್ತಿದಾಗಿನದು ಇಲ್ಲ."

"ಎರಡೂ ಬೇರೇನಾ?"

"ಬೇರೇನೇ ಅತ್ಗೆ. ತಿರುವಿನಲ್ಲಿ ಆ್ಯಕ್ಸಿಲರೇಟರಿಂದ ಕಾಲು ಎತ್ತಿದ ತಕ್ಷಣ ಆಡೋರಿಗೆ ಗೊತ್ತಾಗಿಬಿಡುತ್ತೆ, ಇದು ನಿಜವಾದ ಕಾರೋ ಅಲ್ವೋ ಅಂತ."

"ಮತ್ತೆ ಈಗ?"

"ಬೇರೆ ಯಾವ್ದಾದ್ರೂ ಕಾರಿಂದು ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ."

"ಈಗ ತಾನೇ ಗೊತ್ತಾಗುತ್ತೆ ಅಂದ್ಯಲ್ಲ."

ಅವನು ನಕ್ಕ. ನಗಬಾರದಿತ್ತೇನೋ ಎಂದುಕೊಂಡು ನಿಲ್ಲಿಸಿದ. "ಆಟದಲ್ಲಿ ಅವನ ಹೆಸರಲ್ಲೇ ಬಿಡ್ತೀವಿ ಅತ್ಗೆ. ಅವನು ಹಿಡಿದ ಕೊನೇ ಕಾರು."

ಅವನ ಹೆಸರಿನಲ್ಲಿ ಅರ್ಧ ಬೇರೆ ಕಾರು. "ವಿಜಯವಾಡಕ್ಕೆ ನಾನೇ ಓಡಿಸಿಕೊಂಡು ಹೋಗ್ತೀನಿ. ಹೇಗೆ ಹಿಡೀಬೇಕು ಹೇಳು" ಎಂದೆ.

ಅವನು ಹೇಳಿದ. ಮೂರನೇ ಗೇರಿನಲ್ಲಿ ಎಂಜಿನ್ ಶಬ್ದ ಚೆನ್ನಾಗಿ ಏರುವವರೆಗೆ ಒತ್ತಬೇಕು. ಆಮೇಲೆ ಕಾಲು ಪೂರ್ತಿ ಎತ್ತಿ, ವೇಗ ತಾನಾಗಿ ಇಳಿಯುವವರೆಗೆ ಸುಮ್ಮನಿರಬೇಕು. ಬ್ರೇಕಿಲ್ಲ, ಹಾರ್ನಿಲ್ಲ, ಎ.ಸಿ. ಇಲ್ಲ, ಮಾತಿಲ್ಲ.

ಅತ್ತೆ ಇಂದಿರಮ್ಮ ಮಾತ್ರ ನನ್ನ ಜೊತೆ ಉಳಿದಿದ್ದರು. ಮಾವ ತಿಪಟೂರಿಗೆ ಮರಳಿದ್ದರು. ಅತ್ತೆಗೆ ವಿಷಯ ಹೇಳಿದೆ.

"ಈಗ ನೀನು ಕಾರು ಓಡಿಸ್ಕೊಂಡು ಹೋದ್ರೆ ಜನ ಏನಂತಾರೆ ಅಂತ ನಾನು ಕೇಳಲ್ಲ" ಎಂದರು. "ಇಲ್ಲಿ ನಮ್ಮ ಜನ ಯಾರಿದ್ದಾರೆ. ಆದ್ರೆ ಒಬ್ಬಳನ್ನೇ ಕಳಿಸಲ್ಲ."

"ಮಾತಾಡೋ ಹಾಗಿಲ್ಲ ಅತ್ತೆ."

"ನಾನೇನು ಮಾತಾಡ್ತೀನಾ?"

ಮರುದಿನ ಬೆಳಗ್ಗೆ ಹೊರಟೆವು. ಅನಕಾಪಲ್ಲಿ ದಾಟುವವರೆಗೂ ಅವರು ಮಾತಾಡಿದರು. ಆಟದಲ್ಲಿ ಗಾಡಿಯೇ ಇಲ್ಲವಲ್ಲ, ಮತ್ತೆ ಶಬ್ದ ಯಾಕೆ ಎಂದರು. ಶಬ್ದ ಇದ್ದರೆ ಗಾಡಿ ಇದೆ ಅನ್ನಿಸುತ್ತಂತೆ ಎಂದೆ. "ಅನ್ನಿಸಿ?" ಎಂದರು.

ಹೆದ್ದಾರಿಯಲ್ಲಿ ಮೇಲ್ಸೇತುವೆಗಳು ಒಂದಾದ ಮೇಲೊಂದು ಬಂದವು. ಏರುವಾಗ ಒತ್ತಿ, ಇಳಿಜಾರು ಬಂದೊಡನೆ ಕಾಲು ಎತ್ತಿದೆ. ಅತ್ತೆ ಬಾಯಿ ಬಿಗಿಹಿಡಿದು ಕೂತರು. ಇಳಿಜಾರಿನಲ್ಲಿ ಕಾರು ಹಗುರಾಗಿ ಜಾರುತ್ತಿತ್ತು. ತುನಿ ದಾಟುವುದರೊಳಗೆ ಹಲವು ಸಲ ಹಿಡಿದೆ. ಇಷ್ಟೇ ಕೆಲಸವಾದರೆ ಪೃಥ್ವಿ ಯಾಕೆ ಉಳಿಸಿಕೊಂಡಿದ್ದ ಎಂದು ಅರ್ಥವಾಗಲಿಲ್ಲ.

ರಾಜಮಂಡ್ರಿಯ ಹತ್ತಿರ ಒಂದು ಹೋಟೆಲಿನಲ್ಲಿ ನಿಲ್ಲಿಸಿ, ರೆಕಾರ್ಡರಿನ ಕಾರ್ಡನ್ನು ಫೋನಿಗೆ ಜೋಡಿಸಿ ಸುಮಂತನಿಗೆ ಕಳಿಸಿದೆ. ಇಡ್ಲಿ ಬರುವ ಹೊತ್ತಿಗೇ ಅವನ ಫೋನು ಬಂತು.

"ಅತ್ಗೆ, ಇಳಿಜಾರಲ್ಲಿ ನೀವು ನ್ಯೂಟ್ರಲ್ ಹಾಕ್ತೀರಾ?"

"ಹಾಕ್ತೀನಿ. ಎಲ್ಲರೂ ಹಾಕ್ತಾರಲ್ಲ."

ನನಗೆ ಕಾರು ಕಲಿಸಿದ್ದು ಅಪ್ಪ. ಇಳಿಜಾರು ಕಂಡರೆ ನ್ಯೂಟ್ರಲ್, ಪೆಟ್ರೋಲ್ ಉಳಿಯುತ್ತೆ ಎಂದು ಹೇಳಿಕೊಟ್ಟಿದ್ದರು. ನನ್ನ ಕೈ ಕೇಳದೆಯೇ ಅದನ್ನು ಮಾಡುತ್ತದೆ.

"ಗೇರಲ್ಲೇ ಇರ್ಬೇಕು ಅತ್ಗೆ. ನಾನು ಹೇಳೋದು ಮರೆತೆ, ತಪ್ಪು ನಂದೇ. ಇದರಲ್ಲಿರೋದೆಲ್ಲ ಸಿಗ್ನಲ್ಲಲ್ಲಿ ನಿಂತ ಕಾರಿನ ಶಬ್ದ. ಮತ್ತೆ... ಬಳೆ ಶಬ್ದ ಕೇಳ್ತಿದೆ."

ನನ್ನ ಕೈಯಲ್ಲಿ ಬಳೆಗಳಿರಲಿಲ್ಲ. ಅತ್ತೆ ಇಡ್ಲಿಗೆ ಚಟ್ನಿ ಹಚ್ಚುತ್ತಿದ್ದರು, ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆಗಳು. ಗಂಡ ಇರುವವರಿಗೆ ಬಳೆ ತೆಗೆದಿಡಿ ಎಂದು ಹೇಳುವುದು ಹೇಗೆ? ಅದೂ ನಾನು, ಈಗ. ಫೋನಿಟ್ಟು ಕಾಫಿ ಕುಡಿದೆ.

"ಏನಂತೆ?" ಎಂದರು.

"ಇಷ್ಟು ದೂರ ಹಿಡಿದಿದ್ದೆಲ್ಲ ವ್ಯರ್ಥ ಅಂತೆ. ನಾನು ತಪ್ಪು ಮಾಡಿದೆ."

"ಇನ್ನೂ ಏನೋ ಅಂದ."

ಹೇಳಿದೆ. ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಕಾರಿಗೆ ಬಂದು ಕೂತ ಮೇಲೆ ಸೆರಗನ್ನು ಎರಡೂ ಮುಂಗೈಗೆ ಸುತ್ತಿ, ಬಳೆಗಳ ಮೇಲೆ ಬಿಗಿಯಾಗಿ ಕಟ್ಟಿಕೊಂಡರು. ಕಟ್ಟಿಹಾಕಿದ ಹಾಗೆ ಕಾಣುತ್ತಿತ್ತು. "ಹೂಂ, ಓಡ್ಸು" ಎಂದರು.

ಗೋದಾವರಿ ದಾಟಿದ ಮೇಲಿನ ಮೊದಲ ಮೇಲ್ಸೇತುವೆ. ಒತ್ತಿದೆ. ಕಾಲು ಎತ್ತಿದೆ. ಕೈ ಗೇರಿನ ಕಡೆ ಹೋಯಿತು. ಮತ್ತೆ ಚಕ್ರದ ಮೇಲಿಟ್ಟೆ. ಯಾರೋ ಹಿಂದಿನಿಂದ ಎಳೆದಂತೆ ಕಾರು ಬಿಗಿಯಿತು. ಎಂಜಿನ್ ಗೊರಗೊರ ಎನ್ನುತ್ತ ಇಳಿಯತೊಡಗಿತು, ನಡುನಡುವೆ ಚಿಟಿಚಿಟಿ ಸಿಡಿತ. ನಾನು ಏನೂ ಮಾಡುತ್ತಿರಲಿಲ್ಲ, ಆದರೂ ಅದು ಏನೋ ಮಾಡುತ್ತಿತ್ತು.

"ನಿಂತೋಗುತ್ತೇನೋ ಕಣೇ" ಎಂದರು ಅತ್ತೆ.

ಅದು ಹಾಳಾಯಿತು. ಮುಂದಿನದಕ್ಕೆ ಲಾರಿಯವನು ಹಾರ್ನ್ ಹೊಡೆದ. ತಣುಕಿನ ಬಳಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬ್ರೇಕ್ ಒತ್ತಬೇಕಾಯಿತು. ಏಲೂರಿನ ಹತ್ತಿರ ನನಗೇ ಹೆದರಿಕೆಯಾಗಿ ಕ್ಲಚ್ ತುಳಿದೆ. ವಿಜಯವಾಡಕ್ಕೆ ಹೆಚ್ಚು ದೂರ ಉಳಿದಿರಲಿಲ್ಲ. ಸುಮಂತ್ ಬೇರೆ ಕಾರಿನದು ಹಾಕಲಿ, ಯಾರಿಗೆ ಗೊತ್ತಾಗಬೇಕು ಎಂದು ಒಮ್ಮೆ ಅನ್ನಿಸಿತು. ಅತ್ತೆಯ ಕಡೆ ನೋಡಿದೆ. ಬೆರಳುಗಳು ಬಾತುಕೊಂಡಿದ್ದರೂ ಅವರು ಸೆರಗು ಬಿಚ್ಚಿರಲಿಲ್ಲ.

ಹನುಮಾನ್ ಜಂಕ್ಷನ್ ಆಚೆ ರಸ್ತೆ ಖಾಲಿಯಿತ್ತು. ಒತ್ತಿದೆ, ಎಂಜಿನ್ ಕೂಗುವಷ್ಟು. ಎತ್ತಿದೆ. ಇಬ್ಬರೂ ಉಸಿರು ಬಿಡಲಿಲ್ಲ. ಶಬ್ದ ಮೆಟ್ಟಿಲಿಳಿದಂತೆ ಇಳಿದು, ಕೊನೆಗೆ ಕಾರು ನಡುಗತೊಡಗಿದಾಗ ಕ್ಲಚ್ ಒತ್ತಿದೆ. ಗನ್ನಾವರಂವರೆಗೆ ಅದನ್ನೇ ಮತ್ತೆ ಮತ್ತೆ ಮಾಡಿದೆ. ಅಲ್ಲಿ ನಿಲ್ಲಿಸಿ ಕಳಿಸಿದೆ.

"ಇದು ಸರಿ ಅತ್ಗೆ" ಎಂದ ಸುಮಂತ್. "ಅವನು ಹಿಡಿದದ್ದರ ಜೊತೆ ಕೂರುತ್ತೆ."

ಅತ್ತೆ ಸೆರಗು ಬಿಚ್ಚಿ ಕೈ ಉಜ್ಜಿಕೊಂಡರು. "ಆಯ್ತಲ್ಲ" ಎಂದರು. ಆಯ್ತು. ನನಗೆ ಸಮಾಧಾನವಾಗಬೇಕಿತ್ತು. ಆಯಿತೋ ಇಲ್ಲವೋ ತಿಳಿಯಲಿಲ್ಲ.

ದೊಡ್ಡಯ್ಯ ಅಂಗಡಿಯ ಮುಂದೆಯೇ ನಿಂತಿದ್ದರು. ಮಂಡಿಗೆ ಪಟ್ಟಿ, ಕೈಯಲ್ಲಿ ಕೋಲು.

"ಬನ್ನಿ ತಾಯಿ, ಬನ್ನಿ. ರಂಡಿ, ಕೂರ್ಚೋಂಡಿ" ಎಂದು ಕುರ್ಚಿ ತೋರಿಸಿದವರು, ತೆಲುಗು ಬಂತೆಂದು ನಾಲಗೆ ಕಚ್ಚಿಕೊಂಡರು. "ಈ ಊರಲ್ಲಿ ಇದ್ದೂ ಇದ್ದೂ ಕನ್ನಡ ಮನೆ ದೇವರ ಥರ ಆಗೋಗಿದೆ, ಹಬ್ಬಕ್ಕೆ ಮಾತ್ರ."

ಸಾವಿನ ಬಗ್ಗೆ ಏನೂ ಕೇಳಲಿಲ್ಲ. ಹಿಡಿದದ್ದನ್ನು ಕೇಳಬಹುದಾ ಎಂದರು. ಪೃಥ್ವಿ ಹಿಡಿದದ್ದೂ ನಾನು ಹಿಡಿದದ್ದೂ ರೆಕಾರ್ಡರಿನಲ್ಲೇ ಇದ್ದವು. ಹೆಡ್‌ಫೋನ್ ಕೊಟ್ಟೆ. ಕಾರಿಗೆ ಒರಗಿ, ಕಣ್ಣು ಮುಚ್ಚಿ ಕೇಳಿದರು.

"ಗಾಡಿ ನಂದೇ" ಎಂದರು. "ಒತ್ತಿರೋದು ಪೃಥ್ವಿ. ಬಿಟ್ಟಿರೋದು ಅವನಲ್ಲ."

"ಬಿಟ್ಟಿದ್ದು ನಾನು."

"ಎದ್ರುಕೊಂಡಿದ್ದೀರಿ. ಕಾಲು ನಿಧಾನಕ್ಕೆ ಎದ್ದದೆ."

"ಹೌದು. ಮತ್ತೆ ಹಿಡೀಲಾ?"

"ಬ್ಯಾಡಿ. ನಾನೂ ಎದ್ರುಕೊಳ್ತಿದ್ದೆ. ಪಕ್ಕದಲ್ಲಿ ಕೂತೋನಿಗೆ ತೋರಿಸ್ಕೊಳ್ತಿರಲಿಲ್ಲ, ಅಷ್ಟೇಯ."

ಅತ್ತೆ ಹೆಡ್‌ಫೋನ್ ಇಸಿದುಕೊಂಡು ತಾವೂ ಕೇಳಿದರು. ಯಾವುದು ಮಗನದು, ಯಾವುದು ನನ್ನದು ಎಂದು ಕೇಳಿದರು. ತೋರಿಸಿಕೊಟ್ಟೆ. ಮತ್ತೊಮ್ಮೆ ಕೇಳಿದರು. "ನಂಗೆ ಎರಡೂ ಒಂದೇ" ಎಂದು ತೆಗೆದುಕೊಟ್ಟರು.

ಬಾನೆಟ್ ತೆರೆದು ಮೈಕ್ ಬಿಚ್ಚಿದೆ. ಸೈಲೆನ್ಸರಿಗೆ ಕಟ್ಟಿದ್ದದ್ದನ್ನು ದೊಡ್ಡಯ್ಯನವರ ಅಂಗಡಿಯವನು ಬಿಚ್ಚಿಕೊಟ್ಟ. ವೈರು ಸುತ್ತಿ ಚೀಲಕ್ಕೆ ಹಾಕಿದೆ. ಇನ್ನು ಕೀ ಮಾತ್ರ ಉಳಿಯಿತು. ದೊಡ್ಡಯ್ಯ ಕೋಲನ್ನು ಕಂಕುಳಿಗೆ ಸೇರಿಸಿ ಅಂಗೈ ಚಾಚಿದರು. ಕೊಟ್ಟೆ. ಪೃಥ್ವಿ ಆಗಿದ್ದರೆ ಈಗ ಏನಾದರೂ ಹೇಳುತ್ತಿದ್ದ.

"ಕಾರು ಕೊಟ್ಟಿದ್ದಕ್ಕೆ..." ಎಂದೆ.

ಅವರು ತಲೆಯಾಡಿಸಿ, ಕೀಯನ್ನು ಜೇಬಿಗೆ ಹಾಕಿಕೊಂಡರು.