1905ರಲ್ಲೇ ಮುಗಿದ ಕಾರ್ಡು

ಬಾಗಿಲುಗಳಿಗೆ ಎಲೆಕ್ಟ್ರಾನಿಕ್ ಬೀಗ ತಯಾರಿಸುವ ಕಂಪನಿ ಅದು. ಬೀಗದೊಳಗಿನ ಪುಟ್ಟ ಕಂಪ್ಯೂಟರಿನ ಕರ್ನಲ್, ಅಂದರೆ ಯಂತ್ರಕ್ಕೂ ಮಿಕ್ಕ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎಲ್ಲವನ್ನೂ ಸಂಭಾಳಿಸುವ ಭಾಗ, ಅಲ್ಲಿ ಎಂಜಿನಿಯರ್ ಆಗಿದ್ದ ಒಬ್ಬಳ ಜವಾಬ್ದಾರಿ. ಎಲ್ಲರೂ ಅವಳನ್ನು ಬೀಗದಕ್ಕ ಅಂತಲೇ ಕರೆಯುತ್ತಿದ್ದರು.

ಆ ಕರ್ನಲ್ 1970ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತಿತ್ತು. ಎಣಿಕೆ ಇಡಲು ನಾಲ್ಕೇ ಬೈಟು ಜಾಗ. 2038ರ ಜನವರಿಯಲ್ಲಿ ಅದು ತುಂಬಿ, ಎಣಿಕೆ ಮೈನಸ್ಸಿಗೆ ತಿರುಗಿ, ಕಾಲ ದಿಢೀರನೆ 1901ಕ್ಕೆ ಹಾರುತ್ತದೆ. ಎಂಟು ಬೈಟು ಕೊಡಬಹುದು. ಆದರೆ ಕರ್ನಲ್ ಎಂಟು ಕೊಟ್ಟು, ಬಾಗಿಲಿನ ಪ್ರೋಗ್ರಾಮು ನಾಲ್ಕಕ್ಕೇ ಕೈಯೊಡ್ಡಿದರೆ ಎಲ್ಲ ಎಕ್ಕುಟ್ಟಿಹೋಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಲು ಅವಳು ಮೂರು ತಿಂಗಳು ಕೇಳಿದಳು.

"2038ಕ್ಕೆ ಈಗಲೇ ಯಾಕ್ರೀ ತಲೆ ಕೆಡಿಸ್ಕೊಳ್ತೀರ?" ಎಂದರು ಮ್ಯಾನೇಜರ್.

"ಅದರಾಚೆಗಿನ ತಾರೀಖು ಇವತ್ತು ಬರೆದ್ರೂ ಕೈ ಕೊಡುತ್ತೆ, ಸರ್."

"ಯಾರು ಬರೀತಾರೆ, ಬಿಡಿ."

ಬರೆದವರು ಸಿಬ್ಬಂದಿ ವಿಭಾಗದವರು. ಮಿಕ್ಕವರಿಗೆಲ್ಲ ವರ್ಷಕ್ಕೊಂದು ಗುರುತಿನ ಕಾರ್ಡು. ಮ್ಯಾನೇಜರಿಗೆ ಬಡ್ತಿ ಸಿಕ್ಕಿದ್ದರಿಂದ, ಗೌರವಾರ್ಥ, ಅವರ ಕಾರ್ಡಿಗೆ ನಿವೃತ್ತಿಯವರೆಗೂ ಅವಧಿ ಹಾಕಿದರು: 2041. ಸೋಮವಾರ ಬೆಳಿಗ್ಗೆ ಹೊಸ ಕೋಟಿನಲ್ಲಿ ಬಂದು ಕಾರ್ಡು ಹಿಡಿದರೆ, ಕಂಪನಿಯದೇ ಬೀಗವಿದ್ದ ಬಾಗಿಲಲ್ಲಿ ಕೆಂಪು ದೀಪ.

ಕಾವಲುಗಾರ ಕನ್ನಡಕ ಏರಿಸಿ ಪರದೆ ಓದಿದ. "ಸರ್, ನಿಮ್ಮ ಅವಧಿ 1905ರಲ್ಲೇ ಮುಗಿದಿದೆ."

"ಆಗ ನಾನು ಹುಟ್ಟೇ ಇರ್ಲಿಲ್ಲ ಕಣಯ್ಯ!"

"ಹುಟ್ಟಿದ ಮೇಲಾದ್ರೂ ಒಂದ್ಸಲ ವಿಚಾರಿಸ್ಬೇಕಿತ್ತು ಸರ್. ಅವಧಿ ಮುಗಿದವರನ್ನ ಬಿಡಬಾರದು ಅಂತ ನೀವೇ ಸಹಿ ಹಾಕಿದ್ದೀರಿ."

ಮ್ಯಾನೇಜರ್ ಅವನ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತರು. ಒಳಹೋಗುವವರೆಲ್ಲ ನಮಸ್ಕಾರ ಹೇಳಿಕೊಂಡು ಹೋದರು. ಕೊನೆಗೆ ಬೀಗದಕ್ಕ ಓಡಿಬಂದಳು.

"ಮೂರು ತಿಂಗಳು ಕೊಡಿ ಸರ್, ಸರಿ ಮಾಡ್ತೀನಿ."

"ಅಲ್ಲೀತನಕ ಇಲ್ಲೇ ಕೂತಿರ್ಲಾ? 2037 ಅಂತ ಹಾಕ್ಸಿ, ಸಾಕು!"

ಹಾಕಿಸಿದಳು. ಬಾಗಿಲು ತೆರೆಯಿತು. "ನೋಡಿ, ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಾಯ್ತು," ಎಂದು ಮ್ಯಾನೇಜರ್ ಬೀಗಿದರು. ಅವಳು ತುಟಿ ಕಚ್ಚಿಕೊಂಡು ತನ್ನ ಮೇಜಿಗೆ ಹೋದಳು.

ತಿಂಗಳ ಕೊನೆಗೆ ಸಿಬ್ಬಂದಿ ವಿಭಾಗದಿಂದ ಅವರಿಗೊಂದು ಪತ್ರ ಬಂತು. ಇಂಥ ಗೌರವದ ಕಾರ್ಡಿನ ತಾರೀಖನ್ನೇ ನಿವೃತ್ತಿಯ ತಾರೀಖೆಂದು ದಾಖಲಿಸುವುದು ಅಲ್ಲಿನ ಪದ್ಧತಿ. ನಾಲ್ಕು ವರ್ಷ ಮೊದಲೇ ನಿವೃತ್ತರಾಗಿ ಕಿರಿಯರಿಗೆ ದಾರಿ ಬಿಡಲು ತಾವು ತೋರಿದ ದೊಡ್ಡ ಮನಸ್ಸಿಗೆ ವಂದನೆಗಳು, ಎಂದಿತ್ತು.

ಅಂದು ಮಧ್ಯಾಹ್ನವೇ ಬೀಗದಕ್ಕನಿಗೆ ಮೂರು ತಿಂಗಳು ಮಂಜೂರಾಯಿತು, ಜೊತೆಗೆ ಇಬ್ಬರು ಸಹಾಯಕರು. ಮಂಜೂರಾತಿ ಪತ್ರದಲ್ಲಿ ಕಾರಣ ಅಂತಿರುವ ಕಡೆ ಮ್ಯಾನೇಜರ್ ದುಂಡಗೆ ಬರೆದಿದ್ದರು: 'ಗ್ರಾಹಕರ ಹಿತದೃಷ್ಟಿಯಿಂದ.' ಅವಳು ಅದನ್ನು ಎರಡು ಸಲ ಓದಿ, ನಗು ತಡೆದುಕೊಂಡು, ಮೊದಲ ಕಡತ ತೆರೆದಳು.